ಅಲುಗುವ ಅಣುಗಳ ಜೊತೆ

ಶಂಕರಘಟ್ಟದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದ ಕಾಲಕ್ಕೆ ನನ್ನ ಪಾಲಿಗೆ ಪ್ರೋಟೀನ್ ಎಂದರೆ ಪುಸ್ತಕದಲ್ಲಿ ಅಚ್ಚಾದ ಒಂದು ಚಿತ್ರ. ಒಂದೆರಡು ಸುರುಳಿ, ಬಾಣದ ತುದಿಯ ಒಂದೆರಡು ಪಟ್ಟಿ, ಅವನ್ನು ಕೂಡಿಸುವ ತೆಳ್ಳನೆಯ ಗೆರೆ. ಆಕಾರವೇ ಅದರ ಕೆಲಸವನ್ನು ನಿರ್ಧರಿಸುತ್ತದೆ ಎಂದು ಬಾಯಿಪಾಠ ಮಾಡಿ ಪರೀಕ್ಷೆ ಮುಗಿಸಿದ್ದೆವು. ಸಂಶೋಧನೆಗೆಂದು ಬೆಂಗಳೂರಿಗೆ ಬಂದ ಮೊದಲ ವರ್ಷ ನಮ್ಮ ಮೇಷ್ಟ್ರು ತರಗತಿಯಲ್ಲಿ ಮಯೋಗ್ಲೋಬಿನ್ನಿನ ಚಿತ್ರವನ್ನು ಪರದೆಯ ಮೇಲೆ ಹಾಕಿದರು. ಸ್ನಾಯುಗಳಲ್ಲಿ ಆಮ್ಲಜನಕವನ್ನು ಹಿಡಿದಿಡುವ ಪ್ರೋಟೀನ್ ಅದು. 1958ರಲ್ಲಿ ಜಾನ್ ಕೆಂಡ್ರೂ ಅವರ ಗುಂಪು ಅದರ ರಚನೆಯನ್ನು ಬಿಡಿಸಿತು. ಮೂರು ಆಯಾಮದಲ್ಲಿ ಮನುಷ್ಯನ ಕಣ್ಣಿಗೆ ಬಿದ್ದ ಮೊದಲ ಪ್ರೋಟೀನೇ ಅದು.

"ಆಮ್ಲಜನಕ ಕೂರುವ ಜಾಗ ಒಳಗಿದೆ. ಹೊರಗಿನಿಂದ ಅಲ್ಲಿಗೆ ದಾರಿ ಎಲ್ಲಿದೆ, ತೋರಿಸಿ ನೋಡೋಣ" ಎಂದರು ಮೇಷ್ಟ್ರು.

ಹುಡುಕಿದೆವು. ದಾರಿಯೇ ಇರಲಿಲ್ಲ. ಪ್ರೋಟೀನ್ ಚಿತ್ರದಲ್ಲಿದ್ದ ಹಾಗೇ ನಿಂತುಬಿಟ್ಟಿದ್ದರೆ ಆಮ್ಲಜನಕ ಒಳಗೆ ಹೋಗಲಾರದು, ಹೋದದ್ದು ಹೊರಗೆ ಬರಲಾರದು. ಅಣು ಸದಾ ಮಿಸುಕಾಡುತ್ತಿರುವುದರಿಂದಲೇ ಅದರ ಮೈಯಲ್ಲಿ ಆಗಾಗ ಸಂದು ಬಿಡುತ್ತದೆ, ಆ ಸಂದಿನಲ್ಲೇ ನಮ್ಮ ಉಸಿರಿನ ವ್ಯವಹಾರ ನಡೆಯುತ್ತದೆ. ಅಂದು ತರಗತಿಯಿಂದ ಹೊರಗೆ ಬರುವಾಗಲೇ ನಾನು ಮಾಡಬೇಕಾದ ಕೆಲಸ ಯಾವುದೆಂದು ಗೊತ್ತಾಗಿತ್ತು. ಆ ಮಿಸುಕಾಟವನ್ನು ನೋಡಬೇಕಿತ್ತು. ಅದನ್ನು ಒಂದೊಂದೇ ಪರಮಾಣುವಿನ ಮಟ್ಟದಲ್ಲಿ, ಅದು ನಡೆಯುವ ವೇಗದಲ್ಲೇ ಹಿಡಿಯುವ ಸೂಕ್ಷ್ಮದರ್ಶಕ ಇಲ್ಲ. ಲೆಕ್ಕ ಹಾಕಿಯೇ ನೋಡಬೇಕು. ಆ ಲೆಕ್ಕಕ್ಕೆ ಮಾಲಿಕ್ಯುಲರ್ ಡೈನಮಿಕ್ಸ್ ಸಿಮ್ಯುಲೇಷನ್ ಎಂದು ಹೆಸರು. ಪ್ರಯೋಗಾಲಯದಲ್ಲಿ ನಾವು ಬರೀ 'ಎಂಡಿ' ಅನ್ನುತ್ತಿದ್ದೆವು.

ಅಣುಗಳ ಆಕಾರವನ್ನು ಲೆಕ್ಕದಿಂದ ಕಾಣುವ ವಿದ್ಯೆ ಬೆಂಗಳೂರಿಗೆ ಹೊಸದಾಗಿರಲಿಲ್ಲ. ಜಿ. ಎನ್. ರಾಮಚಂದ್ರನ್ ಅವರು ಮದರಾಸಿನಲ್ಲಿದ್ದಾಗ ರಾಮಕೃಷ್ಣನ್ ಮತ್ತು ಶಶಿಶೇಖರನ್ ಅವರ ಜೊತೆಗೂಡಿ 1963ರಲ್ಲಿ ಒಂದು ನಕ್ಷೆ ಪ್ರಕಟಿಸಿದ್ದರು. ಪ್ರೋಟೀನಿನ ಬೆನ್ನೆಲುಬಿನಲ್ಲಿ ಪ್ರತಿಯೊಂದು ಅಮೈನೋ ಆಮ್ಲದ ಬಳಿ ತಿರುಗಬಲ್ಲ ಎರಡು ಕೋನಗಳಿವೆ, ಫೈ ಮತ್ತು ಸೈ. ಪರಮಾಣುಗಳು ಒಂದರ ಮೇಲೊಂದು ಬೀಳದಂತೆ ಈ ಕೋನಗಳು ಎಷ್ಟೆಷ್ಟು ತಿರುಗಬಹುದು ಎಂದು ಅವರು ಲೆಕ್ಕ ಹಾಕಿದರು. ಹಾಕಿ ನೋಡಿದರೆ ನಕ್ಷೆಯ ಬಹುಪಾಲು ಖಾಲಿ. ಪ್ರಕೃತಿ ಬಳಸುವುದು ಕೆಲವೇ ಕೆಲವು ತುಂಡುಗಳನ್ನು. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಮಾಲಿಕ್ಯುಲರ್ ಬಯೋಫಿಸಿಕ್ಸ್ ಘಟಕವನ್ನು ಕಟ್ಟಿದರು. ಇವತ್ತಿಗೂ ಜಗತ್ತಿನ ಯಾವ ಮೂಲೆಯಲ್ಲಿ ಪ್ರೋಟೀನಿನ ರಚನೆ ಬಿಡಿಸಿದರೂ ಮೊದಲು ಮಾಡುವ ಪರೀಕ್ಷೆಗಳಲ್ಲಿ ರಾಮಚಂದ್ರನ್ ನಕ್ಷೆ ಒಂದು. ನಮ್ಮ ಸಿಮ್ಯುಲೇಷನ್ ಮುಗಿದಾಗಲೂ ಕೋನಗಳು ಆ ನಕ್ಷೆಯ ಒಳಗೇ ಉಳಿದಿವೆಯೇ ಎಂದು ನೋಡುತ್ತಿದ್ದೆವು.

ಅಣುಗಳನ್ನು ಲೆಕ್ಕದಲ್ಲಿ ಅಲುಗಿಸಿದ ಮೊದಲಿಗರಲ್ಲಿ ಒಬ್ಬರು ಹೈದರಾಬಾದಿನಲ್ಲಿ ಹುಟ್ಟಿದ ಅನೀಸುರ್ ರೆಹಮಾನ್. ಅಮೆರಿಕದ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿದ್ದ ಅವರು 1964ರಲ್ಲಿ 864 ಆರ್ಗಾನ್ ಪರಮಾಣುಗಳನ್ನು ಕಂಪ್ಯೂಟರಿನಲ್ಲಿಟ್ಟು ದ್ರವವೊಂದು ಹೇಗೆ ನಡೆದುಕೊಳ್ಳುತ್ತದೆ ಎಂದು ತೋರಿಸಿದರು. 1971ರಲ್ಲಿ ಸ್ಟಿಲಿಂಜರ್ ಜೊತೆ 216 ಅಣುಗಳ ನೀರನ್ನು ಲೆಕ್ಕದಲ್ಲಿ ಹರಿಸಿದರು. 1977ರಲ್ಲಿ ಹಾರ್ವರ್ಡಿನ ಮೆಕ್‌ಕ್ಯಾಮನ್, ಗೆಲಿನ್ ಮತ್ತು ಕಾರ್ಪ್ಲಸ್ ಅದೇ ಉಪಾಯವನ್ನು ಪ್ರೋಟೀನಿಗೆ ತಂದರು. ಹಸುವಿನ ಮೇದೋಜೀರಕ ಗ್ರಂಥಿಯಲ್ಲಿರುವ, 58 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್ ಅದು. ಸುತ್ತ ನೀರಿಲ್ಲ, ಬರೀ ನಿರ್ವಾತ. ಅವರು ನೋಡಿದ್ದು ಹತ್ತು ಪಿಕೊಸೆಕೆಂಡಿಗೂ ಕಡಿಮೆ ಕಾಲ. ಆದರೂ ಆ ಪ್ರಬಂಧ ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಗಟ್ಟಿ ವಸ್ತುವೆಂದು ತಿಳಿದಿದ್ದ ಪ್ರೋಟೀನಿನ ಒಳಭಾಗ ದ್ರವದ ಹಾಗೆ ತುಯ್ದಾಡುತ್ತದೆ ಎಂದು ಅವರು ಅಷ್ಟರಲ್ಲೇ ಕಂಡಿದ್ದರು. ಕಾರ್ಪ್ಲಸ್, ಮೈಕೇಲ್ ಲೆವಿಟ್ ಮತ್ತು ಏರಿಯೆ ವಾರ್ಶೆಲ್ ಅವರಿಗೆ 2013ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂದ ದಿನ ನಮ್ಮ ಕಾರಿಡಾರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಪ್ರಯೋಗಾಲಯದಲ್ಲಿ ಪಿಪೆಟ್ ಹಿಡಿಯದವರೂ ಜೀವವಿಜ್ಞಾನ ಮಾಡಬಹುದು ಎಂದು ಜಗತ್ತು ಒಪ್ಪಿದ ದಿನ ಅದು.

ಲೆಕ್ಕದ ತಿರುಳು ಪಿಯುಸಿಯಲ್ಲಿ ಓದಿದ ನ್ಯೂಟನ್ನಿನ ಎರಡನೇ ನಿಯಮವೇ. ಪ್ರತಿಯೊಂದು ಪರಮಾಣುವಿನ ಮೇಲೆ ಉಳಿದವುಗಳು ಎಷ್ಟು ಬಲ ಹಾಕುತ್ತಿವೆ ಎಂದು ಕಂಡುಹಿಡಿ, ಅದರಿಂದ ವೇಗೋತ್ಕರ್ಷ ತಿಳಿ, ಪರಮಾಣುವನ್ನು ಒಂದು ಚೂರು ಸರಿಸು, ಮತ್ತೆ ಬಲ ಲೆಕ್ಕ ಹಾಕು. ಆ 'ಒಂದು ಚೂರು' ಕಾಲ ಎರಡು ಫೆಮ್ಟೊಸೆಕೆಂಡ್. ಒಂದರ ಮುಂದೆ 15 ಸೊನ್ನೆ ಬರೆದರೆ ಎಷ್ಟಾಗುತ್ತದೋ, ಸೆಕೆಂಡನ್ನು ಅಷ್ಟು ಪಾಲು ಮಾಡಿದಾಗ ಸಿಗುವ ಒಂದು ಪಾಲು ಫೆಮ್ಟೊಸೆಕೆಂಡ್. ಅದಕ್ಕಿಂತ ದೊಡ್ಡ ಹೆಜ್ಜೆ ಇಟ್ಟರೆ ಪರಮಾಣುಗಳ ಕಂಪನ ಕೈತಪ್ಪಿ ಇಡೀ ವ್ಯವಸ್ಥೆ ಸಿಡಿದುಹೋಗುತ್ತದೆ. ನಮ್ಮ ಭಾಷೆಯಲ್ಲಿ 'ಸಿಸ್ಟಮ್ ಬ್ಲೋ ಆಯ್ತು'. ಒಂದು ಮೈಕ್ರೊಸೆಕೆಂಡ್ ನೋಡಬೇಕೆಂದರೆ ಹೀಗೆ 50 ಕೋಟಿ ಹೆಜ್ಜೆ ಇಡಬೇಕು. ಒಂದು ಫೆಮ್ಟೊಸೆಕೆಂಡನ್ನು ಹಿಗ್ಗಿಸಿ ಒಂದು ಸೆಕೆಂಡ್ ಮಾಡಿಕೊಂಡರೆ, ನಿಜವಾದ ಒಂದು ಸೆಕೆಂಡ್ ಮೂರು ಕೋಟಿ ವರ್ಷ ದಾಟುತ್ತದೆ. ಕೋಶದಲ್ಲಿ ನಡೆಯುವ ಎಷ್ಟೋ ಕೆಲಸಗಳಿಗೆ ಮಿಲಿಸೆಕೆಂಡ್ ಬೇಕು, ಸೆಕೆಂಡೇ ಬೇಕು. ಈ ಅಂತರವೇ ನಮ್ಮ ವಿದ್ಯೆಯ ದೊಡ್ಡ ಕಷ್ಟ, ಇಂದಿಗೂ.

ನನಗೆ ವಹಿಸಿದ್ದು ಕೋಶದ ಪೊರೆ. ಒಂದು ಜೀವಕೋಶವನ್ನು ಹೊರಜಗತ್ತಿನಿಂದ ಬೇರೆಯಾಗಿಸುವ ಆ ಪೊರೆಯ ದಪ್ಪ ಸುಮಾರು ನಾಲ್ಕು ನ್ಯಾನೊಮೀಟರ್. ಅದು ಲಿಪಿಡ್ ಎಂಬ ಅಣುಗಳ ಎರಡು ಪದರ. ಪ್ರತಿ ಲಿಪಿಡ್ಡಿಗೂ ನೀರನ್ನು ಬಯಸುವ ಒಂದು ತಲೆ, ನೀರಿಗೆ ಹೆದರುವ ಎರಡು ಬಾಲ. ತಲೆಗಳೆಲ್ಲ ನೀರಿನ ಕಡೆಗೆ, ಬಾಲಗಳೆಲ್ಲ ಒಳಗೆ. ನಾನು ಕೆಲಸ ಶುರು ಮಾಡಿದ್ದು ಆ ಕಾಲದಲ್ಲಿ ಪೊರೆಯ ಮೇಲೆ ಕೆಲಸ ಮಾಡುವ ಹೊಸಬರೆಲ್ಲ ಬಳಸುತ್ತಿದ್ದ ಒಂದು ಪುಟ್ಟ ಪೆಟ್ಟಿಗೆಯಿಂದ: ಡಿಪಿಪಿಸಿ ಎಂಬ 128 ಲಿಪಿಡ್, ಮೇಲೆ ಕೆಳಗೆ 3,655 ನೀರಿನ ಅಣು. ಪೆಟ್ಟಿಗೆಯ ಅಗಲ ಆರು ನ್ಯಾನೊಮೀಟರಿಗೆ ತುಸು ಹೆಚ್ಚು. ಬಲಗಡೆಯಿಂದ ಹೊರಗೆ ಹೋದ ಅಣು ಎಡಗಡೆಯಿಂದ ಒಳಗೆ ಬರುವಂತೆ ನಿಯಮ ಹಾಕಿಕೊಂಡರೆ ಅಷ್ಟು ಚಿಕ್ಕ ಪೊರೆಗೂ ಅಂಚಿರುವುದಿಲ್ಲ. ತಾಪಮಾನ 50 ಡಿಗ್ರಿ ಸೆಲ್ಸಿಯಸ್. ಡಿಪಿಪಿಸಿ 41 ಡಿಗ್ರಿಗಿಂತ ಕೆಳಗೆ ಇಳಿದರೆ ಬಾಲಗಳೆಲ್ಲ ನೆಟ್ಟಗೆ ನಿಂತು ಪೊರೆ ಬಿಗಿದುಕೊಳ್ಳುತ್ತದೆ, ಜೀವಂತ ಪೊರೆಯ ಹದ ಹೋಗಿಬಿಡುತ್ತದೆ.

ಪೊರೆಯೊಳಗೆ ಪ್ರೋಟೀನನ್ನು ಕೂರಿಸುವುದು ತಾಳ್ಮೆಯ ಕೆಲಸ. ಮೊದಲು ಲಿಪಿಡ್ಡುಗಳನ್ನೆಲ್ಲ ಒಂದರಿಂದ ಒಂದು ದೂರ ಸರಿಸಿ ಪೊರೆಯನ್ನು ನಾಲ್ಕು ಪಟ್ಟು ಹಿಗ್ಗಿಸಬೇಕು. ನಡುವೆ ಪ್ರೋಟೀನ್ ಇಟ್ಟು, ಅದರ ಮೈಮೇಲೆ ಬಿದ್ದ ಲಿಪಿಡ್ಡುಗಳನ್ನು ತೆಗೆದುಹಾಕಬೇಕು. ಆಮೇಲೆ ಒಂದೊಂದು ಸಲಕ್ಕೆ ಶೇಕಡಾ ಐದರಷ್ಟು ಕುಗ್ಗಿಸುತ್ತಾ, ಪ್ರತಿ ಸಲವೂ ಅಣುಗಳ ಒತ್ತಡವನ್ನು ಸಡಿಲಿಸುತ್ತಾ ಪೊರೆ ಪ್ರೋಟೀನಿಗೆ ಅಂಟಿಕೊಳ್ಳುವವರೆಗೆ ಬರಬೇಕು. ನೀರು ತುಂಬುವಾಗ ಇನ್ನೊಂದು ಎಚ್ಚರಿಕೆ. ಪ್ರೋಗ್ರಾಮಿಗೆ ಪೊರೆ, ನೀರು ಎಂಬ ಭೇದ ತಿಳಿಯದು. ಎಲ್ಲಿ ಸಂದಿದೆಯೋ ಅಲ್ಲಿ ನೀರಿಡುತ್ತದೆ, ಬಾಲಗಳ ನಡುವಿನ ಎಣ್ಣೆಯಂಥ ಜಾಗದಲ್ಲೂ ಇಡುತ್ತದೆ. ಅದಕ್ಕೇ ನೀರು ತುಂಬುವ ಹೊತ್ತಿಗೆ ಮಾತ್ರ ಇಂಗಾಲದ ಗಾತ್ರವನ್ನು ಬೇಕೆಂದೇ ದೊಡ್ಡದು ಮಾಡಿಡುತ್ತಿದ್ದೆವು. ಇಷ್ಟಾದ ಮೇಲೆ ಪ್ರೋಟೀನನ್ನು ಕಟ್ಟಿಹಾಕಿ ಸುತ್ತಲಿನ ಲಿಪಿಡ್, ನೀರು ನೆಮ್ಮದಿಗೆ ಬರುವ ತನಕ ಕಾದು, ಕಟ್ಟು ಬಿಚ್ಚಿ, ಜಾಬನ್ನು ಕ್ಲಸ್ಟರಿನ ಕ್ಯೂಗೆ ಹಾಕುವುದು.

ಆಗ ನಮ್ಮ ಹತ್ತಿರ ಇದ್ದದ್ದು ಒಂದು ಸಣ್ಣ ಕೋಣೆಯಲ್ಲಿ ಎ.ಸಿ. ಹಾಕಿ ಸಾಲಾಗಿ ಜೋಡಿಸಿದ ಕಂಪ್ಯೂಟರುಗಳು. ದಿನವಿಡೀ ಓಡಿದರೆ ಕೆಲವು ನ್ಯಾನೊಸೆಕೆಂಡ್ ಸಿಗುತ್ತಿತ್ತು. ಬೇಸಿಗೆಯಲ್ಲಿ ಕರೆಂಟು ಹೋದರೆ ಯುಪಿಎಸ್ ತಡೆಯುವಷ್ಟರಲ್ಲಿ ಯಾರಾದರೊಬ್ಬರು ಓಡಿ ಹೋಗಿ ಎಲ್ಲರ ಜಾಬನ್ನೂ ಸರಿಯಾಗಿ ನಿಲ್ಲಿಸಬೇಕಿತ್ತು. ರಾತ್ರಿಯಾದರೆ ಹಾಸ್ಟೆಲಿನಿಂದ ಬರುತ್ತಿದ್ದವರು ಗೆಳೆಯರೇ. ಯಾರ ಜಾಬ್ ಎಂದು ಯಾರೂ ನೋಡುತ್ತಿರಲಿಲ್ಲ.

ಮೊದಲ ಸಲ ಆ ಪೊರೆ ಪರದೆಯ ಮೇಲೆ ಅಲುಗಿದ್ದನ್ನು ನಾನು ಮರೆಯಲಾರೆ. ಪುಸ್ತಕದಲ್ಲಿ ಪೊರೆ ಎಂದರೆ ಗುಂಡಗಿನ ತಲೆಗಳು ಸಾಲುಗಟ್ಟಿ ಕೂತ ಒಪ್ಪವಾದ ಚಿತ್ರ. ಪರದೆಯ ಮೇಲೆ ಕಂಡದ್ದು ನಮ್ಮ ಮಾರಿಕಾಂಬೆ ಜಾತ್ರೆಯಲ್ಲಿ ತೇರು ಹೊರಟಾಗಿನ ಜನಸಂದಣಿ. ತಲೆಗಳು ಏರುತ್ತವೆ, ಇಳಿಯುತ್ತವೆ. ಬಾಲಗಳು ಬಾಗುತ್ತವೆ, ಮಡಚುತ್ತವೆ. ಒಂದು ಪದರದ ಬಾಲದ ತುದಿ ಇನ್ನೊಂದು ಪದರದೊಳಗೆ ಇಣುಕುತ್ತದೆ. ನೀರು ತಲೆಗಳ ನಡುವೆ ಎಷ್ಟೋ ಆಳಕ್ಕೆ ಇಳಿದು ಮತ್ತೆ ಹೊರಗೆ ಬರುತ್ತದೆ. ಒಂದು ಲಿಪಿಡ್ ತನ್ನ ಪಕ್ಕದಲ್ಲಿದ್ದುದರ ಜೊತೆ ಸೆಕೆಂಡಿಗೆ ಸುಮಾರು ಒಂದು ಕೋಟಿ ಸಲ ಜಾಗ ಬದಲಾಯಿಸುತ್ತದೆ. ಅದೇ ಲಿಪಿಡ್ ಈ ಪದರ ಬಿಟ್ಟು ಆ ಪದರಕ್ಕೆ ತಾನಾಗಿ ದಾಟಬೇಕೆಂದರೆ ಗಂಟೆಗಳು, ದಿನಗಳು ಬೇಕು. ತನ್ನ ಪದರದಲ್ಲಿ ಅಷ್ಟು ಸ್ವಚ್ಛಂದ, ದಾಟುವುದಕ್ಕೆ ಇಷ್ಟು ಕಷ್ಟ. ಜೀವಕೋಶ ಕರಗಿಹೋಗದೆ ಉಳಿದಿರುವುದು, ಮರಗಟ್ಟದೆ ಬಾಳುತ್ತಿರುವುದು, ಎರಡೂ ಈ ಗುಣದಿಂದಲೇ. 1972ರಲ್ಲಿ ಸಿಂಗರ್ ಮತ್ತು ನಿಕೋಲ್ಸನ್ ಪೊರೆಯನ್ನು ದ್ರವವೆಂದು ಕರೆದಾಗ ಅವರ ಬಳಿ ಇದ್ದದ್ದು ಪ್ರಯೋಗಗಳ ಸೂಚನೆ. ಆ ದ್ರವ ನನ್ನ ಮೇಜಿನ ಮೇಲೆ ಹರಿಯುತ್ತಿತ್ತು.

ಆದರೆ ಚೆಂದ ಕಂಡದ್ದೆಲ್ಲ ನಿಜವಾಗಬೇಕೆಂದಿಲ್ಲ. ಕಂಡದ್ದು ನಿಜವೇ ಎಂಬ ಪ್ರಶ್ನೆ ನನ್ನೆದುರಿಗೆ ಅದರ ಪೂರ್ತಿ ತೂಕದೊಂದಿಗೆ ಬಂದದ್ದು ಊರಿನಲ್ಲಿ. ನನ್ನ ಪ್ರಬಂಧದ ವಿಷಯ ಮೆಲಿಟಿನ್. ಜೇನುಹುಳದ ವಿಷದ ಒಣತೂಕದಲ್ಲಿ ಸುಮಾರು ಅರ್ಧದಷ್ಟು ಇದೇ ಇರುತ್ತದೆ. 26 ಅಮೈನೋ ಆಮ್ಲಗಳ ಚಿಕ್ಕ ಸರಪಳಿ, ಅಂದರೆ ಪೆಪ್ಟೈಡ್. ಪೊರೆಯ ಮೇಲೆ ಬಿದ್ದ ಕೂಡಲೇ ಸುರುಳಿಯಾಗುತ್ತದೆ. ಸುರುಳಿಯ ಒಂದು ಮಗ್ಗುಲು ಎಣ್ಣೆಯನ್ನು ಬಯಸುತ್ತದೆ, ಇನ್ನೊಂದು ನೀರನ್ನು. ಸಾಕಷ್ಟು ಸಂಖ್ಯೆಯಲ್ಲಿ ಸೇರಿದರೆ ಪೊರೆಗೆ ತೂತು ಕೊರೆಯುತ್ತದೆ. ಕೆಂಪು ರಕ್ತಕಣವೂ ಅದರ ಮುಂದೆ ಒಡೆದುಹೋಗುತ್ತದೆ. ಸಿದ್ದಾಪುರದ ಕಡೆಯ ನಮ್ಮ ಅಡಿಕೆ ತೋಟದಲ್ಲಿ ಅಪ್ಪಯ್ಯ ತುಡುವೆ ಜೇನಿನ ಪೆಟ್ಟಿಗೆಗಳನ್ನು ಸಾಕುತ್ತಿದ್ದರು. ರಜೆಗೆ ಹೋದಾಗ ಲ್ಯಾಪ್‌ಟಾಪಿನಲ್ಲಿ ಅವರಿಗೆ ನನ್ನ ಸಿಮ್ಯುಲೇಷನ್ ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದರು.

"ಕೂಸೇ, ಇದನ್ನ ಯಾರಾದ್ರೂ ಕಣ್ಣಾರೆ ನೋಡಿದ್ದ?"

"ಇಲ್ಲೆ ಅಪ್ಪಯ್ಯ. ಇದು ಲೆಕ್ಕ."

"ಹಂಗಾರೆ ಖರೆ ಹೇಳಿ ಹ್ಯಾಂಗೆ ಗೊತ್ತಾಗ್ತು?"

ಅಂದು ನಾನು ಕೊಟ್ಟ ಉತ್ತರ ಚಿಕ್ಕದು. ಆದರೆ ಆ ಪ್ರಶ್ನೆಯನ್ನು ನಾನು ಕೆಲಸದ ಮೇಜಿಗೆ ಕರೆದೊಯ್ದೆ. ಸಿಮ್ಯುಲೇಷನ್ ಮಾಡುವವರ ಕೆಲಸದಲ್ಲಿ ಕಂಪ್ಯೂಟರ್ ಓಡಿಸುವುದು ಅರ್ಧ. ಅದು ತೋರಿಸಿದ್ದನ್ನು ಯಾವಾಗ ನಂಬಬೇಕು ಎಂದು ತೀರ್ಮಾನಿಸುವುದು ಇನ್ನರ್ಧ, ಮತ್ತು ಅದೇ ಕಷ್ಟದ ಅರ್ಧ.

ಪೊರೆಯ ವಿಷಯದಲ್ಲಿ ಮೊದಲ ಪರೀಕ್ಷೆ ಒಂದು ಲಿಪಿಡ್ ಎಷ್ಟು ಜಾಗ ಹಿಡಿಯುತ್ತದೆ ಎಂಬುದು. 50 ಡಿಗ್ರಿಯಲ್ಲಿ ಡಿಪಿಪಿಸಿಗೆ ಪ್ರಯೋಗ ಹೇಳುವುದು ಸುಮಾರು 0.63 ಚದರ ನ್ಯಾನೊಮೀಟರ್. ಈ ಸಂಖ್ಯೆಯೂ ಸುಲಭಕ್ಕೆ ಸಿಕ್ಕದ್ದಲ್ಲ. ಹಿಂದಿನ ದಶಕಗಳಲ್ಲಿ ಬೇರೆ ಬೇರೆ ಪ್ರಯೋಗಗಳು ಬೇರೆ ಬೇರೆ ಸಂಖ್ಯೆ ಕೊಡುತ್ತಿದ್ದವು, ಎಕ್ಸ್-ರೇ ಮಾಡುವವರು ವರ್ಷಗಟ್ಟಲೆ ದುಡಿದು ಅದನ್ನು ಒಂದು ನೆಲೆಗೆ ತಂದರು. ಎರಡನೆಯದು ಬಾಲಗಳು ಎಷ್ಟು ನೆಟ್ಟಗೆ ನಿಂತಿವೆ ಎಂಬುದು. ಲಿಪಿಡ್ಡಿನ ಹೈಡ್ರೋಜನ್ ಜಾಗದಲ್ಲಿ ಡ್ಯೂಟೀರಿಯಂ ಇಟ್ಟು ಎನ್‌ಎಂಆರ್ ಯಂತ್ರದಲ್ಲಿ ಅದನ್ನು ಇಂಗಾಲದಿಂದ ಇಂಗಾಲಕ್ಕೆ ಅಳೆಯಬಹುದು. ನನ್ನ ಗ್ರಾಫಿನ ಗೆರೆ ಪ್ರಯೋಗದ ಚುಕ್ಕಿಗಳ ಮೇಲೆ ಹಾದುಹೋದ ಮಧ್ಯಾಹ್ನ ನನಗಾದ ಸಂತೋಷವನ್ನು ಹೊರಗಿನವರಿಗೆ ವಿವರಿಸುವುದು ಕಷ್ಟ. ಯಾವುದೋ ದೇಶದಲ್ಲಿ, ನಾನು ಹುಟ್ಟುವ ಮುನ್ನ, ಯಾರೋ ಅಳೆದಿಟ್ಟ ಸಂಖ್ಯೆಗೆ ನ್ಯೂಟನ್ನಿನ ನಿಯಮದಿಂದ ಹೊರಟ ನನ್ನ ಲೆಕ್ಕ ಬಂದು ಸೇರಿತ್ತು.

ಸೇರದ ಸಂದರ್ಭಗಳೂ ಕಲಿಸುತ್ತವೆ. ಪರಮಾಣುಗಳ ನಡುವಿನ ಬಲವನ್ನು ಹೇಳುವ ಸೂತ್ರಗಳ ಕಟ್ಟಿಗೆ ಫೋರ್ಸ್ ಫೀಲ್ಡ್ ಎನ್ನುತ್ತೇವೆ. ಚಾರ್ಮ್, ಆಂಬರ್, ಗ್ರೋಮೋಸ್ ಎಂದು ಹಲವು ಮನೆತನಗಳಿವೆ. ಆಗ ಬಳಕೆಯಲ್ಲಿದ್ದ ಚಾರ್ಮ್ ಲಿಪಿಡ್ಡುಗಳನ್ನು ಸ್ವತಂತ್ರವಾಗಿ ಬಿಟ್ಟರೆ ಪೊರೆ ಬರಬೇಕಾದ್ದಕ್ಕಿಂತ ಹೆಚ್ಚು ಕುಗ್ಗಿ ಬಿಗಿಯಾಗುತ್ತಿತ್ತು. ಬಳಸುವವರೆಲ್ಲರಿಗೂ ಅದು ಗೊತ್ತಿತ್ತು, ಹೊರಗಿನಿಂದ ಎಳೆತ ಕೊಟ್ಟು ಸರಿದೂಗಿಸುತ್ತಿದ್ದರು. 2010ರಲ್ಲಿ ಬಂದ ಹೊಸ ಆವೃತ್ತಿ ತಲೆಯ ಭಾಗದ ವಿದ್ಯುದಂಶ ಮುಂತಾದವನ್ನು ತಿದ್ದಿ ಆ ದೋಷ ನೀಗಿಸಿತು. ಈ ವಿದ್ಯೆಯಲ್ಲಿ ನನಗೆ ಬಹಳ ಗೌರವ ಬಂದದ್ದು ಈ ಕಾರಣಕ್ಕೆ. ಎಲ್ಲಿ ತಾಳೆಯಾಗುವುದಿಲ್ಲವೋ ಅದನ್ನು ಮುಚ್ಚಿಡದೆ ಅಚ್ಚು ಹಾಕುತ್ತಾರೆ, ಮುಂದಿನವರು ತಿದ್ದುತ್ತಾರೆ.

ಮೆಲಿಟಿನ್ನಿನ ಕೆಲಸ ವರ್ಷಗಳ ಕಾಲ ನಡೆಯಿತು. ಪೊರೆಯ ಒಂದು ಕಡೆ ಒತ್ತೊತ್ತಾಗಿ ಪೆಪ್ಟೈಡುಗಳನ್ನಿಟ್ಟು ಜಾಬ್ ಓಡಿಸುತ್ತಿದ್ದೆ. ಬಹುತೇಕ ಸಲ ಅವು ಪೊರೆಯ ಮೇಲೆ ಮಲಗಿಯೇ ಇರುತ್ತಿದ್ದವು. ಒಂದು ರನ್ನಿನಲ್ಲಿ ಮಾತ್ರ ಬೇರೆಯದು ಕಂಡಿತು. ಫ್ರೇಮುಗಳನ್ನು ಒಂದೊಂದಾಗಿ ಹಿಂದಕ್ಕೆ ತಿರುಗಿಸಿ ನೋಡಿದೆ. ಮೊದಲು ಒಂದು ಪೆಪ್ಟೈಡಿನ ತುದಿ ತಲೆಗಳ ಸಾಲಿನಿಂದ ಕೆಳಗೆ ಜಗ್ಗಿತು. ಅದರ ಪಕ್ಕದ ಲಿಪಿಡ್ಡಿನ ತಲೆ ಅದರ ಜೊತೆಗೇ ಒಳಕ್ಕೆ ಬಾಗಿತು. ಆ ತಲೆಯನ್ನು ಸುತ್ತಿಕೊಂಡಿದ್ದ ಎರಡು ಮೂರು ನೀರಿನ ಅಣುಗಳೂ ಎಣ್ಣೆಯ ನಡುವಿಗೆ ಇಳಿದವು. ಕೆಳಗಿನ ಪದರದಿಂದಲೂ ನೀರು ಮೇಲಕ್ಕೆ ಚಾಚಿ ಅವುಗಳ ಕೈ ಹಿಡಿಯಿತು. ಆಮೇಲೆ ಕೆಲವೇ ನ್ಯಾನೊಸೆಕೆಂಡುಗಳಲ್ಲಿ ಪೊರೆಯ ಆಚೆ ಈಚೆ ನೀರಿನ ಎಳೆ ಬೆಳೆದು ರಂಧ್ರವಾಯಿತು. ಪುಸ್ತಕದ ಚಿತ್ರಗಳಲ್ಲಿ ಇಂಥ ರಂಧ್ರದ ಸುತ್ತ ಪೆಪ್ಟೈಡುಗಳು ಕಂಬಗಳಂತೆ ನೆಟ್ಟಗೆ ನಿಂತಿರುತ್ತವೆ. ಇಲ್ಲಿ ಒಂದೋ ಎರಡೋ ಮಾತ್ರ ಒಳಗಿದ್ದವು, ಉಳಿದವು ಅಂಚಿನಲ್ಲಿ ಅಡ್ಡಾದಿಡ್ಡಿ. ರಂಧ್ರದ ಗೋಡೆಯ ಬಹುಭಾಗ ಬಾಗಿದ ಲಿಪಿಡ್ ತಲೆಗಳದ್ದೇ. ಹಾಲೆಂಡಿನ ಗ್ರೋನಿಂಗೆನ್ ಗುಂಪಿನವರೂ ಇಂಥದೇ ಅಸ್ತವ್ಯಸ್ತ ರಂಧ್ರಗಳನ್ನು ಕಂಡಿದ್ದರು.

ಉಸಿರು ಬಿಗಿಹಿಡಿದು ಸರ್ ಕೋಣೆಗೆ ಓಡಿದೆ. ಅವರು ನೋಡಿದರು, ಕಣ್ಣು ಅರಳಿತು. ಆದರೆ ಕೇಳಿದ್ದು ಒಂದೇ ಮಾತು: "ಎಷ್ಟು ರನ್ನಿನಲ್ಲಿ ಬಂತು?"

"ಒಂದರಲ್ಲಿ, ಸರ್."

"ಹಾಗಾದ್ರೆ ಬೇರೆ ಬೇರೆ ಆರಂಭದಿಂದ ಮತ್ತೆ ಹಾಕಿ. ಪೆಪ್ಟೈಡ್ ಇಲ್ಲದ ಪೊರೆಯದ್ದೂ ಅಷ್ಟೇ ಉದ್ದ ಓಡಿಸಿ. ಆಮೇಲೆ ಕೂತು ಮಾತಾಡೋಣ."

ಅಪ್ಪಯ್ಯ ಕೇಳಿದ್ದೂ ಇದನ್ನೇ. ಅಣುಗಳ ಲೋಕದಲ್ಲಿ ಒಂದು ಸಲ ಕಂಡದ್ದು ಆಕಸ್ಮಿಕವಿರಬಹುದು. ಮತ್ತೆ ಹಾಕಿದೆವು. ಕೆಲವು ರನ್ನುಗಳಲ್ಲಿ ರಂಧ್ರ ಬಂತು, ಕೆಲವುಗಳಲ್ಲಿ ಬರಲಿಲ್ಲ. ಪೆಪ್ಟೈಡ್ ಇಲ್ಲದ ಪೊರೆ ಮಾತ್ರ ಎಂದೂ ಬಿರಿಯಲಿಲ್ಲ. ಇನ್ನೂ ದೀರ್ಘ ಕಾಲ ನೋಡಲು ಮಾರ್ಟಿನಿ ಎಂಬ ಸರಳ ಮಾದರಿಯನ್ನೂ ಬಳಸಿದೆ. ಅದರಲ್ಲಿ ಸುಮಾರು ನಾಲ್ಕು ಭಾರದ ಪರಮಾಣುಗಳಿಗೆ ಒಂದೇ ಮಣಿ. ಲೆಕ್ಕ ನೂರಾರು ಪಟ್ಟು ಬೇಗ. ಆದರೆ ಆ ಮಾದರಿಯಲ್ಲಿ ಪೆಪ್ಟೈಡಿನ ಸುರುಳಿಯನ್ನು ನಾವೇ ಮೊದಲು ಕಟ್ಟಿಕೊಡಬೇಕು. ಹಾಗಾಗಿ ಸುರುಳಿ ಹೇಗೆ ಮೂಡಿತು ಎಂದು ಅದನ್ನು ಕೇಳುವಂತಿಲ್ಲ. ಯಾವ ಮಾದರಿಗೆ ಯಾವ ಪ್ರಶ್ನೆ ಕೇಳಬಹುದು, ಯಾವುದನ್ನು ಕೇಳಬಾರದು ಎಂಬ ವಿವೇಕವೇ ಈ ವಿದ್ಯೆಯ ಸಂಸ್ಕಾರ ಎಂದು ನಾನು ಕಲಿತದ್ದು ಆ ದಿನಗಳಲ್ಲಿ.

ನನ್ನ ಮನಸ್ಸಿಗೆ ಅತಿ ಹತ್ತಿರವಾದ ಉದಾಹರಣೆ ಮಾತ್ರ ಬೇರೆಯವರ ಕೆಲಸ. ಆಕ್ವಾಪೋರಿನ್ ಎಂಬ ಪ್ರೋಟೀನ್ ಪೊರೆಯಲ್ಲಿ ನೀರಿನ ಕಾಲುವೆ. ನಮ್ಮ ಮೂತ್ರಪಿಂಡ ದಿನವಿಡೀ ನೀರನ್ನು ಹಿಂದಕ್ಕೆ ಹೀರಿಕೊಳ್ಳುವುದು ಇಂಥ ಕಾಲುವೆಗಳ ಮೂಲಕ. ಒಂದೊಂದು ಕಾಲುವೆಯಲ್ಲಿ ಸೆಕೆಂಡಿಗೆ ನೂರು ಕೋಟಿಯಷ್ಟು ನೀರಿನ ಅಣುಗಳು ಸಾಲಾಗಿ ಹಾಯುತ್ತವೆ. ಅದನ್ನು ಕಂಡುಹಿಡಿದ ಪೀಟರ್ ಆಗ್ರೆ, ಪೊಟ್ಯಾಸಿಯಂ ಕಾಲುವೆಯ ರಚನೆ ಬಿಡಿಸಿದ ರಾಡ್ ಮೆಕಿನನ್ ಅವರ ಜೊತೆ 2003ರ ನೊಬೆಲ್ ಹಂಚಿಕೊಂಡರು. ಸೋಜಿಗವೆಂದರೆ ಇಷ್ಟು ನೀರು ಹೋದರೂ ಪ್ರೋಟಾನ್ ಹೋಗುವುದಿಲ್ಲ. ನೀರಿನ ಸಾಲಿನಲ್ಲಿ ಅಣುವಿನಿಂದ ಅಣುವಿಗೆ ಜಿಗಿಯುವುದು ಪ್ರೋಟಾನಿಗೆ ಸಲೀಸು. ಹಾಗೆ ಸೋರಿದರೆ ಕೋಶದ ಶಕ್ತಿಯ ಲೆಕ್ಕಾಚಾರವೇ ತಲೆಕೆಳಗು. 2001 ಮತ್ತು 2002ರಲ್ಲಿ ಜರ್ಮನಿಯ ಹಾಗೂ ಅಮೆರಿಕದ ಇಲಿನಾಯ್‌ನ ಗುಂಪುಗಳು ಸಿಮ್ಯುಲೇಷನ್ ಮಾಡಿ ನೋಡಿದಾಗ ಪ್ರತಿ ನೀರಿನ ಅಣುವೂ ಕಾಲುವೆಯ ನಟ್ಟನಡುವೆ ಬಂದಾಗ ಮಗುಚಿಕೊಳ್ಳುವುದು ಕಂಡಿತು. ಅಲ್ಲಿ ಆಸ್ಪರಜೀನ್ ಎಂಬ ಎರಡು ಅಮೈನೋ ಆಮ್ಲಗಳು ಅದನ್ನು ಹಿಡಿದು ತಿರುಗಿಸುತ್ತವೆ. ಸಾಲು ಅಲ್ಲಿ ಮುರಿಯುವುದರಿಂದಲೇ ಪ್ರೋಟಾನ್ ನಿಲ್ಲುತ್ತದೆ ಎಂದು ಮೊದಲಿಗೆ ಹಲವರು ಭಾವಿಸಿದರು. ಮುಂದಿನ ಲೆಕ್ಕಗಳು ಇನ್ನಷ್ಟು ಆಳಕ್ಕಿಳಿದು, ಮುಖ್ಯ ತಡೆ ಆ ನಡುವಿನ ವಿದ್ಯುತ್ ಕ್ಷೇತ್ರ ಎಂದು ತೋರಿಸಿದವು. ನಾನು ಆ ಸಿಮ್ಯುಲೇಷನ್ನನ್ನು ಕಲಿಕೆಗೆಂದು ಮರುಮಾಡಿ, ಒಂದೇ ಒಂದು ನೀರಿನ ಅಣುವಿಗೆ ಹಳದಿ ಬಣ್ಣ ಹಚ್ಚಿ ಹಿಂಬಾಲಿಸಿದ್ದೆ. ಕೆಳಮುಖವಾಗಿ ಬಂದ ಅಣು ನಡುವೆ ಹೊರಳಿ ಮೇಲ್ಮುಖವಾಗಿ ಹೊರಬಿದ್ದಾಗ ನನ್ನ ದೇಹದಲ್ಲಿ ಆ ಕ್ಷಣವೇ ಎಷ್ಟು ಅಣುಗಳು ಹೀಗೆ ಹೊರಳುತ್ತಿವೆಯೋ ಎಂಬ ಯೋಚನೆ ಬಂದು ಕೈ ನಿಂತಿತ್ತು.

ಇಲಿನಾಯ್ ಗುಂಪನ್ನು ಕಟ್ಟಿದ ಕ್ಲಾಸ್ ಶೂಲ್ಟೆನ್ ಅವರ ಕಥೆಯನ್ನು ನಮ್ಮ ಪ್ರಯೋಗಾಲಯದಲ್ಲಿ ಹೊಸಬರಿಗೆಲ್ಲ ಹೇಳುತ್ತಿದ್ದೆವು. ಮ್ಯೂನಿಕ್ಕಿನಲ್ಲಿದ್ದಾಗ ಪೊರೆಯ ಲೆಕ್ಕಕ್ಕೆ ಬೇಕಾದ ಕಂಪ್ಯೂಟರ್ ಸಿಗದೆ, ಅವರ ವಿದ್ಯಾರ್ಥಿಗಳೇ 60 ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳನ್ನು ಜೋಡಿಸಿ ಯಂತ್ರ ಕಟ್ಟಿದರು. ಅಮೆರಿಕಕ್ಕೆ ಹೋಗುವಾಗ ಶೂಲ್ಟೆನ್ ಅದನ್ನು ಬೆನ್ನಚೀಲದಲ್ಲಿ ಹೊತ್ತೊಯ್ದರು. ಸುಮಾರು 27,000 ಪರಮಾಣುಗಳ ಪೊರೆಯ ಲೆಕ್ಕ ಆ ಯಂತ್ರದಲ್ಲಿ ನಡೆದು 1993ರಲ್ಲಿ ಪ್ರಕಟವಾಯಿತು. ನೋಡಿದ ಕಾಲ ಒಂದು ನ್ಯಾನೊಸೆಕೆಂಡಿನ ಕಾಲುಭಾಗ. 2010ರಲ್ಲಿ ನ್ಯೂಯಾರ್ಕಿನ ಡಿ. ಇ. ಶಾ ರಿಸರ್ಚ್ ತಾನು ಕಟ್ಟಿದ ಆ್ಯಂಟನ್ ಎಂಬ ಯಂತ್ರದಲ್ಲಿ, 1977ರ ಅದೇ ಪುಟ್ಟ ಪ್ರೋಟೀನನ್ನು ನೀರಿನಲ್ಲಿಟ್ಟು ಒಂದು ಮಿಲಿಸೆಕೆಂಡ್ ಓಡಿಸಿತು. ಮೂವತ್ಮೂರು ವರ್ಷದಲ್ಲಿ ಹತ್ತು ಕೋಟಿ ಪಟ್ಟು.

ಕೊರೋನಾ ಕಾಲದಲ್ಲಿ ಈ ವಿದ್ಯೆಯ ಉಪಯೋಗ ಊರಿನವರಿಗೂ ವಿವರಿಸುವಂತಾಯಿತು. ವೈರಸ್ಸಿನ ಮೈಮೇಲಿನ ಸ್ಪೈಕ್ ಪ್ರೋಟೀನಿಗೆ ಸಕ್ಕರೆಯ ಸರಗಳು ಅಂಟಿಕೊಂಡಿರುತ್ತವೆ. ನಮ್ಮ ರೋಗನಿರೋಧಕ ವ್ಯವಸ್ಥೆಯ ಕಣ್ಣು ತಪ್ಪಿಸುವುದು ಅವುಗಳ ಕೆಲಸ ಎಂದು ತಿಳಿದಿತ್ತು. ಅವು ಚಂಚಲ, ಹಾಗಾಗಿ ಪ್ರಯೋಗದ ಚಿತ್ರಗಳಲ್ಲಿ ಪೂರ್ತಿ ಕಾಣುವುದಿಲ್ಲ. ಕ್ಯಾಲಿಫೋರ್ನಿಯಾದ ರೋಮಿ ಅಮಾರೊ ಅವರ ಗುಂಪು 2020ರಲ್ಲಿ ಸ್ಪೈಕನ್ನು ಪೊರೆಯ ಸಮೇತ, ಸಕ್ಕರೆಗಳ ಸಮೇತ ಸಿಮ್ಯುಲೇಷನ್ನಿನಲ್ಲಿ ಕಟ್ಟಿತು. 165 ಮತ್ತು 234ನೇ ಸ್ಥಾನದ ಎರಡು ಸಕ್ಕರೆ ಸರಗಳು ಮರೆಮಾಡುವುದಷ್ಟೇ ಅಲ್ಲ, ನಮ್ಮ ಕೋಶವನ್ನು ಹಿಡಿಯುವ ಭಾಗ ಮೇಲೆದ್ದು ನಿಲ್ಲಲು ಊರೆಯನ್ನೂ ಕೊಡುತ್ತವೆ ಎಂದು ಕಂಡಿತು. ಆ ಸ್ಥಾನಗಳನ್ನು ಬದಲಿಸಿ ಪ್ರಯೋಗ ಮಾಡಿದಾಗ ವೈರಸ್ಸಿನ ಹಿಡಿತ ಕಡಿಮೆಯಾಯಿತು. ಫೋನಿನಲ್ಲಿ ಅಪ್ಪಯ್ಯನಿಗೆ ಇದನ್ನು ಹೇಳಿದೆ. ಲೆಕ್ಕ ಮೊದಲು ಹೇಳಿತು, ಪ್ರಯೋಗ ಆಮೇಲೆ ಹೌದೆಂದಿತು. ಖರೆ ಎಂದು ಗೊತ್ತಾಗುವುದು ಹೀಗೆ ಎಂದೆ. "ಹಂಗಾರೆ ಸೈ" ಎಂದರು. ಅವರಿಂದ ಅಷ್ಟು ಬಂದರೆ ದೊಡ್ಡದು.

ಈಗ ಪ್ರೋಟೀನಿನ ಆಕಾರವನ್ನು ಆಲ್ಫಾಫೋಲ್ಡ್ ಎಂಬ ಪ್ರೋಗ್ರಾಮ್ ನಿಮಿಷಗಳಲ್ಲಿ ಊಹಿಸಿಕೊಡುತ್ತದೆ. 2024ರ ರಸಾಯನಶಾಸ್ತ್ರದ ನೊಬೆಲ್ಲಿನ ಅರ್ಧ ಅದಕ್ಕೆ ಸಂದಿದೆ. ಇನ್ನು ಸಿಮ್ಯುಲೇಷನ್ ಯಾಕೆ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ನಾನು ಮಯೋಗ್ಲೋಬಿನ್ನಿನ ಚಿತ್ರ ಹಾಕಿ, ಆಮ್ಲಜನಕದ ದಾರಿ ತೋರಿಸಿ ಎನ್ನುತ್ತೇನೆ. ಆಕಾರ ಸಿಕ್ಕಿದ ಮೇಲೆ ಅದು ಹೇಗೆ ಅಲುಗುತ್ತದೆ, ಪೊರೆಯ ಲಿಪಿಡ್ಡುಗಳ ನಡುವೆ ಹೇಗೆ ನಡೆದುಕೊಳ್ಳುತ್ತದೆ, ಔಷಧದ ಅಣು ಬಂದಾಗ ಎಲ್ಲಿ ಸಂದು ಬಿಡುತ್ತದೆ ಎಂಬ ಪ್ರಶ್ನೆಗಳು ಹಾಗೇ ಉಳಿದಿವೆ. ಹಿಂದೆಂದಿಗಿಂತ ಹೆಚ್ಚು ಆಕಾರಗಳು ಕೈಗೆ ಸಿಕ್ಕಿರುವಾಗ ಅಲುಗಿಸಿ ನೋಡುವ ಕೆಲಸವೂ ಹಿಂದೆಂದಿಗಿಂತ ಹೆಚ್ಚಾಗಿದೆ.

ಸಾಧನಗಳೂ ನಮ್ಮ ಕಾಲದಂತಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 2022ರಿಂದ 3.3 ಪೆಟಾಫ್ಲಾಪಿನ ಪರಮ್ ಪ್ರವೇಗ ಎಂಬ ಸೂಪರ್‌ಕಂಪ್ಯೂಟರ್ ಇದೆ. ಅದಕ್ಕಿಂತ ದೊಡ್ಡ ಬದಲಾವಣೆ ನನ್ನ ಕಣ್ಣಿಗೆ ಬೇರೆಯದು. ಹುಡುಗರು ಗೇಮ್ ಆಡಲು ಕೊಳ್ಳುವ ಗ್ರಾಫಿಕ್ಸ್ ಕಾರ್ಡ್ ಹಾಕಿದ ಒಂದು ಕಂಪ್ಯೂಟರ್ ನನ್ನ ಮೊದಲ ಪೊರೆಯನ್ನು ದಿನಕ್ಕೆ ನೂರಾರು ನ್ಯಾನೊಸೆಕೆಂಡ್ ಓಡಿಸಬಲ್ಲದು. ಗ್ರೋಮ್ಯಾಕ್ಸ್‌ನಂಥ ತಂತ್ರಾಂಶಕ್ಕೆ ದುಡ್ಡು ಕೊಡಬೇಕಿಲ್ಲ. ಪ್ರೋಟೀನುಗಳ ರಚನೆಯನ್ನು 1971ರಿಂದ ಕೂಡಿಟ್ಟ ಪ್ರೋಟೀನ್ ಡೇಟಾ ಬ್ಯಾಂಕ್ ಎಲ್ಲರಿಗೂ ತೆರೆದಿದೆ. ಸಿದ್ದಾಪುರದ ಒಂದು ಪದವಿ ಕಾಲೇಜಿನ ವಿದ್ಯಾರ್ಥಿನಿಗೂ ಹಾರ್ವರ್ಡಿನವರು 1977ರಲ್ಲಿ ಮಾಡಿದ್ದಕ್ಕಿಂತ ದೊಡ್ಡ ಲೆಕ್ಕ ಇವತ್ತು ಕೈಗೆಟಕುತ್ತದೆ. ಅವಳಿಗೆ ಬೇಕಾದದ್ದು ದುಬಾರಿ ಯಂತ್ರವಲ್ಲ. ಪೆಟ್ಟಿಗೆಯಲ್ಲಿ ನೀರು ತುಂಬುವುದನ್ನು ಕೂತು ಕಲಿಸುವ, ಪ್ರಯೋಗದ ಸಂಖ್ಯೆಯ ಪಕ್ಕದಲ್ಲಿ ತನ್ನ ಗ್ರಾಫನ್ನು ಇಟ್ಟು ನೋಡಲು ಹೇಳುವ, ಎಷ್ಟು ರನ್ನಿನಲ್ಲಿ ಬಂತು ಎಂದು ಕೇಳುವ ಒಬ್ಬ ಮೇಷ್ಟ್ರು ಅಥವಾ ಮೇಡಂ ಬೇಕು. ಅಂಥವರು ನನಗೆ ಸಿಕ್ಕಿದರು. ಈಗ ರಜೆಗಳಲ್ಲಿ ಜಿಲ್ಲೆಯ ಕಾಲೇಜುಗಳಿಗೆ ಹೋಗಿ, ಕನ್ನಡದಲ್ಲೇ, ಆ 128 ಲಿಪಿಡ್ಡುಗಳ ಪೊರೆಯಿಂದಲೇ ಪಾಠ ಶುರು ಮಾಡುತ್ತೇನೆ. ಮುಗಿಯುವ ಹೊತ್ತಿಗೆ ಯಾರಾದರೊಬ್ಬರು ಎದ್ದು ನಿಂತು "ಇದು ನಿಜ ಅಂತ ಹೇಗೆ ಹೇಳ್ತೀರಿ ಮೇಡಂ?" ಎಂದು ಕೇಳಿದರೆ, ಆ ತರಗತಿಗೆ ಮತ್ತೆ ಹೋಗುತ್ತೇನೆ.